ಹದಿನೆಂಟು ಸಾವಿರ ಫೀಸು, ಎರಡು ದಿನದ ಪಾಠ

ನಾನು ಸಂಡೂರಿನ ಗಣಿಯಲ್ಲಿ ಸರ್ವೇಯರ್ ಆಗಿದ್ದವನು. ಡಂಪ್, ಅಂದರೆ ಗಣಿಯಿಂದ ತೆಗೆದು ಸುರಿದ ಬೇಡದ ಮಣ್ಣು-ಕಲ್ಲಿನ ಗುಡ್ಡೆ, ಎಷ್ಟು ಎತ್ತರ ಬೆಳೀತು ಅಂತ ಅಳೆಯೋದೇ ಹನ್ನೊಂದು ವರ್ಷದ ಕೆಲಸ. ಅದೇ ಡಂಪಿನ ಮೇಲೆ ಗಿಡ ಬೆಳೆಸೋ ಕೆಲಸಕ್ಕೆ ಹೋಗೋಣ ಅನ್ನಿಸಿ, ಬಳ್ಳಾರಿಯ ಒಂದು ತರಬೇತಿ ಕೇಂದ್ರದಲ್ಲಿ ಮೂರು ತಿಂಗಳ ಭಾನುವಾರದ ಕೋರ್ಸ್ ಸೇರಿದೆ. ಫೀಸು 18,000. ಹೆಸರು ಹಾಕಲ್ಲ, ಸುಮ್ನೆ ಜಗಳ ಬೇಡ.

'ಮೂರು ತಿಂಗಳಲ್ಲಿ ಇಐಎ ಕನ್ಸಲ್ಟೆಂಟ್ ಆಗಿ' ಅಂತ ಜಾಹೀರಾತು. ಇಐಎ ಅಂದರೆ ಒಂದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅಂತ ಮೊದಲೇ ಅಂದಾಜು ಮಾಡೋ ವರದಿ. ಅದು ಆಗೋ ಮಾತಲ್ಲ. ಆ ವರದಿ ಮಾಡೋ ಸಂಸ್ಥೆಗೆ ನ್ಯಾಬೆಟ್ ಅನ್ನೋ ಮಂಡಳಿಯ ಮಾನ್ಯತೆ ಬೇಕು. ಅದರೊಳಗೆ ನೀರು, ಗಾಳಿ, ಮಣ್ಣು, ಜೀವವೈವಿಧ್ಯ ಅಂತ ಒಂದೊಂದಕ್ಕೂ ಓದು, ಅನುಭವ ಎರಡೂ ಇರೋ ಪರಿಣತರು ಬೇಕು. ಇದನ್ನು ಆರನೇ ವಾರ, ಅದೂ ನಾವೇ ಕೇಳಿದ ಮೇಲೆ ಹೇಳಿದರು.

ಕ್ಲಾಸಂತೂ ಬರೀ ಸ್ಲೈಡು. ಬಳ್ಳಾರಿ ಬಿಸಿಲಲ್ಲಿ ಕೂರಿಸಿ ಒಂದು ಇಡೀ ಭಾನುವಾರ ಸಮುದ್ರದ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಿದರು! ನಮ್ಮ ಕಥೆಗೆ ಸಿಕ್ಕಿದ್ದು ಒಂದೇ ಸ್ಲೈಡು: 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿ ನಿಲ್ಲಿಸಿದ್ದು, 2013ರ ತೀರ್ಪಲ್ಲಿ ಅಕ್ರಮ ಜಾಸ್ತಿ ಇದ್ದ ಸಿ ವರ್ಗದ ಗುತ್ತಿಗೆಗಳು ರದ್ದಾಗಿದ್ದು, ಅಕ್ರಮ ಇಲ್ಲದ ಅಥವಾ ಕಡಿಮೆ ಇದ್ದ ಎ ಮತ್ತು ಬಿ ವರ್ಗದವರು ಆರ್ ಅಂಡ್ ಆರ್ ಪ್ಲಾನ್ (ಹಾಳಾದ ನೆಲ ಸರಿಪಡಿಸೋ ಯೋಜನೆ) ಪ್ರಕಾರ ನಡೀಬೇಕು ಅಂದಿದ್ದು. ಈ ಭಾಗದಲ್ಲಿ ಈ ಕೆಲಸಕ್ಕೆ ಜನ ಬೇಕಾಗಿದ್ದೇ ಅದರಿಂದ ಅಲ್ವಾ? ಅದಕ್ಕೆ ಹತ್ತು ನಿಮಿಷ.

ಆದರೆ ಕೊನೆಯ ಎರಡು ದಿನ ಫೀಲ್ಡಿಗೆ ಕರ್ಕೊಂಡು ಹೋದರು. ಅಲ್ಲಿ ನರ್ಸರಿ ನೋಡಿಕೊಳ್ಳೋ ಒಬ್ಬ ಅಜ್ಜ ಇದ್ದರು. ನಾನು ಟೋಟಲ್ ಸ್ಟೇಷನ್ ಅನ್ನೋ ಸರ್ವೇ ಮಿಷನ್ ಬಿಚ್ಚುತ್ತಿದ್ದೆ. 'ಆ ಮಿಷನ್ ಅಲ್ಲೇ ಇಡ್ರಿ ಸರ' ಅಂದು ಮೂರು ಕಟ್ಟಿಗೆ ತಂದು 'ಎ' ಅಕ್ಷರದ ಹಾಗೆ ಕಟ್ಟಿ, ಮೇಲಿಂದ ದಾರಕ್ಕೆ ಒಂದು ಕಲ್ಲು ಇಳಿಬಿಟ್ಟರು. ದಾರ ಅಡ್ಡಪಟ್ಟಿಯ ಗುರುತಿಗೆ ಬಂದರೆ ಎರಡೂ ಕಾಲು ಒಂದೇ ಮಟ್ಟ. ಹಾಗೆ ಕಾಲು ಹೊರಳಿಸುತ್ತಾ ಹೋದ ಗೆರೆ ಮೇಲೆ ಲಾವಂಚದ ಸಸಿ ಒತ್ತೊತ್ತಾಗಿ ನೆಡಬೇಕು. ಬೇರು ಕೆಳಗಿಳಿದು ಮಣ್ಣು ಹಿಡಿಯುತ್ತೆ, ಮೇಲಿಂದ ಕೊಚ್ಚಿ ಬರೋ ಹೂಳು ಹುಲ್ಲಿನ ಹಿಂದೆ ನಿಲ್ಲುತ್ತೆ. ನನ್ನ ಗೆರೆ ಒಂದು ಕಡೆ ಗೇಣಷ್ಟು ತಗ್ಗಿಗೆ ಇಳಿದಿತ್ತು. ಅಜ್ಜ ಬೈಯಲಿಲ್ಲ, ಒಂದು ಕೊಡ ನೀರು ಸುರಿದರು ಅಷ್ಟೇ. ನೀರೆಲ್ಲ ಆ ತಗ್ಗಿಗೇ ಓಡಿಬಂದು ಸಸಿ ಕಿತ್ತುಕೊಂಡು ಹೋಯ್ತು.

ಜಾಲಿ ಹಾಕಿದರೆ ತಾನೇ ಬೆಳೆಯುತ್ತಲ್ಲ ಅಂತ ಯಾರೋ ಕೇಳಿದರು. ಬಳ್ಳಾರಿ ಜಾಲಿ ಅಂತ ನಮ್ಮೂರ ಹೆಸರೇ ಹೊತ್ತಿರೋ ಅದು ಹೊರದೇಶದ ಗಿಡ. ಕುರಿ, ದನ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಬೀಳುತ್ತೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ, ಅಡಿಯಲ್ಲಿ ಬೇರೆ ಗಿಡಕ್ಕೆ ಜಾಗ ಕೊಡಲ್ಲ. 'ಬಂದರಿಕೆ, ಕಮರ, ಹೊಂಗೆ ಹಾಕ್ರಿ, ತಡ ಆದ್ರೂ ಚಿಂತಿಲ್ಲ' ಅಂದರು ಅಜ್ಜ. ಮಧ್ಯಾಹ್ನದ ವಗ್ಗರಣಿ ಮಿರ್ಚಿಗೂ ಪೂರ್ತಿ ಅಂಕ.

ಐದಕ್ಕೆ ಎರಡೂವರೆ ಕೊಡ್ತೀನಿ. ಅದರಲ್ಲಿ ಎರಡು ಅಜ್ಜನಿಗೆ. ಸರ್ವೇ, ತೋಟಗಾರಿಕೆ, ಸಿವಿಲ್ ಏನಾದರೂ ಕೈಯಲ್ಲಿದ್ದರೆ ಸೇರಿ, ಇಲ್ಲದಿದ್ದರೆ ಬರೀ ಸರ್ಟಿಫಿಕೇಟಿಗೆ ದುಡ್ಡು ಹಾಕಬೇಡಿ. ಮೊನ್ನೆ ಇಂಟರ್‌ವ್ಯೂನಲ್ಲಿ ನನ್ನ ಸರ್ಟಿಫಿಕೇಟ್ ಯಾರೂ ಮುಟ್ಟಲಿಲ್ಲ. ಕ್ಯೂಜಿಐಎಸ್ ಬರುತ್ತಾ ಅಂತ ಕೇಳಿದರು. ಅದು ನಕ್ಷೆ ಮಾಡೋ ಪುಕ್ಕಟೆ ಸಾಫ್ಟ್‌ವೇರು, ಕೋರ್ಸಲ್ಲಿ ಅದರ ಹೆಸರೂ ಬಂದಿರಲಿಲ್ಲ. ಈಗ ರಾತ್ರಿ ಮನೆಯಲ್ಲಿ ಕೂತು ಕಲೀತಿದ್ದೀನಿ.