‘ಆಕ್ಸೆಸ್ ಡಿನೈಡ್’ ಎಂದಾಗ: ವಿಂಡೋಸ್‌ನಲ್ಲಿ ನಾನು ಮಾಡಿ ನೋಡಿದ ಪರಿಹಾರಗಳ ಹೋಲಿಕೆ

ಪ್ರಿಂಟರ್ ನಡುವೆಯೇ ನಿಂತುಹೋದಾಗ ಮಾಡಬೇಕಾದ ಕೆಲಸ ಚಿಕ್ಕದು. ಹಿನ್ನೆಲೆಯಲ್ಲಿ ಓಡುವ ಸೇವೆಗಳನ್ನು ತೋರಿಸುವ ‘ಸರ್ವಿಸಸ್’ ತೆರೆದು, ಮುದ್ರಣದ ಸರದಿಯನ್ನು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಎಂಬ ಸೇವೆಯನ್ನು ನಿಲ್ಲಿಸಿ, ಸರದಿಯಲ್ಲಿ ಸಿಕ್ಕಿಕೊಂಡಿರುವ ಕಡತಗಳನ್ನು ಅಳಿಸಿ, ಸೇವೆಯನ್ನು ಮತ್ತೆ ಆರಂಭಿಸಿದರೆ ಮುಗಿಯಿತು. ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಸಂಘವೊಂದರ ಕಚೇರಿಯಲ್ಲಿ ಇಷ್ಟು ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಮೊದಲನೆಯ ಕಂಪ್ಯೂಟರಿನಲ್ಲಿ ಸರ್ವಿಸಸ್ ತೆರೆದುಕೊಂಡರೂ ‘ಸ್ಟಾಪ್’ ಗುಂಡಿ ಮಸುಕಾಗಿತ್ತು. ಎರಡನೆಯದರಲ್ಲಿ ಅದು ತೆರೆಯಲೇ ಇಲ್ಲ; ‘ನಿಮ್ಮ ರಕ್ಷಣೆಗಾಗಿ ಈ ಆ್ಯಪ್ ಅನ್ನು ತಡೆಯಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಕೆಂಪು ಪಟ್ಟಿಯೊಡನೆ ಬಂದು ನಿಂತಿತು. ಮೂರನೆಯದರಲ್ಲಿ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸಿ ನಿಲ್ಲಿಸಲು ಬಿಡುವ ಟಾಸ್ಕ್ ಮ್ಯಾನೇಜರ್ ಕೂಡ, ಅಡ್ಮಿನಿಸ್ಟ್ರೇಟರ್ ತನ್ನನ್ನು ನಿಷ್ಕ್ರಿಯಗೊಳಿಸಿದ್ದಾರೆ ಎಂದು ಹೇಳಿ ಸುಮ್ಮನಾಯಿತು. ಆದರೆ ಫೋನಿನಲ್ಲಿ ನನಗೆ ಬಂದ ದೂರು ಒಂದೇ: “ಸಾರ್, ಮೂರಕ್ಕೂ ಪರ್ಮಿಷನ್ ಇಲ್ಲ ಅಂತಿದೆ.”

ಆ ದಿನವೂ ಆನಂತರದ ತಿಂಗಳುಗಳಲ್ಲೂ ನಾನು ಈ ತೊಂದರೆಗೆ ಹಲವು ಪರಿಹಾರಗಳನ್ನು ಮಾಡಿ ನೋಡಿದ್ದೇನೆ. ಅವುಗಳಲ್ಲಿ ಬಹುತೇಕ ಎಲ್ಲವೂ ಯಾವುದೋ ಒಂದು ಕಂಪ್ಯೂಟರಿನಲ್ಲಿ ಫಲ ಕೊಟ್ಟಿವೆ. ಆದ್ದರಿಂದ ಬಾಗಿಲು ತೆರೆಯಿತೇ ಎಂಬುದೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಹೋಲಿಕೆಗೆ ಅರ್ಥವಿಲ್ಲ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಏನು ಬದಲಾಗಿ ಉಳಿಯಿತು, ಅದನ್ನು ಹಿಂದಕ್ಕೆ ತರಲು ಎಷ್ಟು ಶ್ರಮವಾಯಿತು ಎಂಬುದನ್ನು ನಾನು ಹೆಚ್ಚು ಗಮನಿಸಿದ್ದೇನೆ.

ಮೊದಲು ತಡೆಯುತ್ತಿರುವವರು ಯಾರು ಎಂಬುದನ್ನು ತಿಳಿಯಬೇಕು. 2007ರಲ್ಲಿ ಜನಬಳಕೆಗೆ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ, ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿದ ಖಾತೆಯಿಂದ ಒಳಬಂದವರಿಗೂ ಪೂರ್ಣ ಅಧಿಕಾರ ನೇರವಾಗಿ ಸಿಗುವುದಿಲ್ಲ. ‘ಯೂಸರ್ ಅಕೌಂಟ್ ಕಂಟ್ರೋಲ್’, ಅಂದರೆ ಯುಎಸಿ ಎಂಬ ವ್ಯವಸ್ಥೆ ಅವರಿಗೆ ಎರಡು ಅಧಿಕಾರಪತ್ರಗಳನ್ನು ಸಿದ್ಧಪಡಿಸುತ್ತದೆ: ದಿನಬಳಕೆಗೆ ಕತ್ತರಿಸಿದ ಒಂದು ಪತ್ರ, ಒಪ್ಪಿಗೆ ಕೇಳಿದ ಮೇಲಷ್ಟೇ ಕೈಗೆ ಸಿಗುವ ಪೂರ್ಣ ಪತ್ರ ಇನ್ನೊಂದು. ಆದೇಶಗಳನ್ನು ಟೈಪ್ ಮಾಡಿ ಓಡಿಸುವ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಹೂಆಮ್‌ಐ’ ಎಂಬ ಆದೇಶಕ್ಕೆ ‘ಗ್ರೂಪ್ಸ್’ ಆಯ್ಕೆಯನ್ನು ಸೇರಿಸಿ ಓಡಿಸಿದರೆ ನಮ್ಮ ಬಳಿ ಈಗ ಯಾವುದಿದೆ ಎಂಬುದು ತಿಳಿಯುತ್ತದೆ. ಪಟ್ಟಿಯಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪೇ ಇಲ್ಲದಿದ್ದರೆ ಅದು ಸಾಮಾನ್ಯ ಖಾತೆ. ಗುಂಪಿದ್ದು ಅದರ ಮುಂದೆ ‘ಡಿನೈ ಓನ್ಲಿ’ ಎಂದಿದ್ದರೆ ಕತ್ತರಿಸಿದ ಪತ್ರ. ಕೊನೆಯಲ್ಲಿ ‘ಹೈ ಮ್ಯಾಂಡೇಟರಿ ಲೆವೆಲ್’ ಎಂದಿದ್ದರೆ ಪೂರ್ಣ ಪತ್ರ. ಈ ಒಂದು ಸಾಲನ್ನು ಮೊದಲೇ ಓದಿದ್ದರೆ ನನ್ನ ಆ ಮಧ್ಯಾಹ್ನದ ಅರ್ಧ ಭಾಗ ಉಳಿಯುತ್ತಿತ್ತು.

ಅತ್ಯಂತ ಹಗುರವಾದ ಪರಿಹಾರವೆಂದರೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’. ಮೊದಲನೆಯ ಕಂಪ್ಯೂಟರಿನಲ್ಲಿ ಗುಮಾಸ್ತರದು ಸಾಮಾನ್ಯ ಖಾತೆಯಾಗಿತ್ತು; ಸಾಮಾನ್ಯ ಖಾತೆಗೆ ಸರ್ವಿಸಸ್ ಆಗಲಿ ಡಿವೈಸ್ ಮ್ಯಾನೇಜರ್ ಆಗಲಿ ನೋಡಲು ಮಾತ್ರ ತೆರೆಯುತ್ತದೆ, ಬದಲಿಸಲು ಬಿಡುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಸರ್ವಿಸಸ್ ಎಂದು ಬರೆದು, ಎಂಟರ್ ಒತ್ತುವ ಬದಲು ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೊಟ್ಟಾಗ ಮಸುಕಾಗಿದ್ದ ಗುಂಡಿಗಳಿಗೆ ಜೀವ ಬಂದಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ, ಆ ವಿಂಡೋವನ್ನು ಮುಚ್ಚಿದ ಮೇಲೆ ಯಾವ ಗುರುತೂ ಉಳಿಯಲಿಲ್ಲ.

ಇದಕ್ಕೆ ಪ್ರತಿಸ್ಪರ್ಧಿ ಎನ್ನಬಹುದಾದ ವಿಧಾನವೆಂದರೆ ಮೊದಲು ಕಮಾಂಡ್ ಪ್ರಾಂಪ್ಟನ್ನೇ ಪೂರ್ಣ ಅಧಿಕಾರದಲ್ಲಿ ತೆರೆದು, ಅದರೊಳಗಿನಿಂದ ಬೇಕಾದ ಸಾಧನದ ಹೆಸರನ್ನು ಟೈಪ್ ಮಾಡಿ ತೆರೆಯುವುದು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದಾಗ ಬರುವ ಪಟ್ಟಿಯಿಂದ ಇದು ಸುಲಭ. ಎರಡಕ್ಕೂ ವ್ಯತ್ಯಾಸವೇ ಇಲ್ಲವೆಂದು ನಾನು ಬಹಳ ದಿನ ಭಾವಿಸಿದ್ದೆ. ಎರಡನೆಯ ಕಂಪ್ಯೂಟರ್ ಅದನ್ನು ತಿದ್ದಿತು. ಅಲ್ಲಿ ಖಾತೆ ಅಡ್ಮಿನ್ ಗುಂಪಿನದೇ. ಆದರೂ ಸರ್ವಿಸಸ್, ಡಿವೈಸ್ ಮ್ಯಾನೇಜರ್, ಡಿಸ್ಕ್ ಮ್ಯಾನೇಜ್‌ಮೆಂಟ್ ಎಲ್ಲವನ್ನೂ ಹೊತ್ತು ನಿಲ್ಲುವ ಮ್ಯಾನೇಜ್‌ಮೆಂಟ್ ಕನ್ಸೋಲ್ ಎಂಬ ಒಂದೇ ಪ್ರೋಗ್ರಾಂ ಅನ್ನು ಯುಎಸಿ ತಡೆಯುತ್ತಿತ್ತು. ಮೌಸ್‌ನ ಬಲಗುಂಡಿ ಒತ್ತಿ ಅಡ್ಮಿನ್ ಆಗಿ ತೆರೆದರೂ ಅದೇ ಕೆಂಪು ಸಂದೇಶ, ಏಕೆಂದರೆ ಆ ವಿಧಾನವೂ ಯುಎಸಿಯ ಬಾಗಿಲಿನ ಮೂಲಕವೇ ಹೋಗುತ್ತದೆ. ಈಗಾಗಲೇ ಪೂರ್ಣ ಅಧಿಕಾರ ಪಡೆದ ಕಮಾಂಡ್ ಪ್ರಾಂಪ್ಟ್‌ನಿಂದ ತೆರೆದಾಗ ಮಾತ್ರ, ಹೊಸ ಪ್ರೋಗ್ರಾಂ ತನ್ನ ತಾಯಿ ಪ್ರೋಗ್ರಾಂನ ಅಧಿಕಾರಪತ್ರವನ್ನೇ ಪಡೆಯುವುದರಿಂದ, ಮತ್ತೆ ಒಪ್ಪಿಗೆ ಕೇಳುವ ಸಂದರ್ಭವೇ ಬರಲಿಲ್ಲ. ಸ್ಪೂಲರ್‌ನ ಕಡತಗಳನ್ನು ಅಳಿಸುವುದಕ್ಕೂ ಇದೇ ಮೇಲು. ಅದೇ ಫೋಲ್ಡರನ್ನು ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಲು ಹೋದರೆ ಅನುಮತಿ ಇಲ್ಲವೆಂದು ಹೇಳಿ ‘ಕಂಟಿನ್ಯೂ’ ಗುಂಡಿಯನ್ನು ಮುಂದಿಡುತ್ತದೆ. ಅದನ್ನು ಒತ್ತಿದರೆ ಆ ಕ್ಷಣಕ್ಕಷ್ಟೇ ಅಲ್ಲ, ಶಾಶ್ವತವಾಗಿ ಆ ಫೋಲ್ಡರಿನ ಅನುಮತಿಪಟ್ಟಿಯಲ್ಲಿ ನಮ್ಮ ಹೆಸರು ಸೇರಿಕೊಳ್ಳುತ್ತದೆ. ಹೀಗೆ ಸೇರಿಕೊಂಡ ಹೆಸರುಗಳನ್ನು ನಾನು ಎಷ್ಟೋ ಕಂಪ್ಯೂಟರುಗಳಲ್ಲಿ ಕಂಡಿದ್ದೇನೆ, ಸೇರಿಸಿದವರಿಗೆ ಅದರ ನೆನಪೂ ಇರುವುದಿಲ್ಲ.

ಕೆಂಪು ಸಂದೇಶಕ್ಕೆ ಹೆಚ್ಚು ಜನ ಸೂಚಿಸುವ ಮದ್ದು ಯುಎಸಿಯನ್ನೇ ನಿಲ್ಲಿಸಿಬಿಡುವುದು. ಇದರಲ್ಲೂ ಎರಡು ಬಗೆಯಿದ್ದು, ಅವುಗಳನ್ನು ಒಂದೇ ಎಂದು ತಿಳಿಯುವುದೇ ದೊಡ್ಡ ತಪ್ಪು. ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಜಾರುಪಟ್ಟಿಯನ್ನು ತಳಕ್ಕೆ ಇಳಿಸಿದರೆ ವಿಂಡೋಸ್ 8ರಿಂದ ಈಚಿನ ಆವೃತ್ತಿಗಳಲ್ಲಿ ಪ್ರಶ್ನೆ ಕೇಳುವುದು ನಿಲ್ಲುತ್ತದೆಯೇ ಹೊರತು ಎರಡು ಪತ್ರಗಳ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ಎನೇಬಲ್ ಎಲ್‌ಯುಎ’ ಎಂಬ ಮೌಲ್ಯವನ್ನು 0 ಮಾಡಿ ಕಂಪ್ಯೂಟರನ್ನು ಮರುಚಾಲನೆ ಮಾಡಿದರೆ ಮಾತ್ರ ಆ ವ್ಯವಸ್ಥೆಯೇ ಕಳಚಿ ಬೀಳುತ್ತದೆ. ನಾನು ಎರಡನ್ನೂ ಪ್ರಯತ್ನಿಸಿದೆ. ಮೊದಲನೆಯದರಿಂದ ನನಗೆ ಪ್ರಯೋಜನವಾಗಲಿಲ್ಲ. ಎರಡನೆಯದರಿಂದ ಕನ್ಸೋಲ್ ತೆರೆಯಿತು, ಜೊತೆಗೆ ಇಮೇಲ್‌ನಿಂದ ಇಳಿಸಿಕೊಂಡ ಯಾವ ಕಡತವನ್ನು ತೆರೆದರೂ ಅದು ಪೂರ್ಣ ಅಡ್ಮಿನ್ ಅಧಿಕಾರದಲ್ಲಿ ಓಡುವ ಸ್ಥಿತಿಯೂ ಬಂದಿತು. ಸಂಘದ ಲೆಕ್ಕಪತ್ರಗಳಿರುವ ಕಂಪ್ಯೂಟರಿನಲ್ಲಿ ಇದನ್ನು ಒಂದು ರಾತ್ರಿಯೂ ಹಾಗೆ ಬಿಡಲು ಧೈರ್ಯ ಬರಲಿಲ್ಲ. ಕೆಲಸ ಮುಗಿದ ಕೂಡಲೇ ಮೌಲ್ಯವನ್ನು 1ಕ್ಕೆ ಮರಳಿಸಿ ಮತ್ತೊಮ್ಮೆ ಮರುಚಾಲನೆ ಮಾಡಿದೆ. ಇಷ್ಟಾಗಿ ರಿಜಿಸ್ಟ್ರಿ ತಿದ್ದುವುದಕ್ಕೂ ಮೊದಲು ಪೂರ್ಣ ಅಧಿಕಾರ ಬೇಕು. ಅದು ಕೈಯಲ್ಲಿದ್ದವನು ನೇರವಾಗಿ ಕನ್ಸೋಲನ್ನೇ ತೆರೆಯಬಹುದಿತ್ತಲ್ಲ ಎಂಬುದು ನನಗೆ ಹೊಳೆದದ್ದು ಎರಡನೆಯ ಮರುಚಾಲನೆಯ ಹೊತ್ತಿಗೆ.

ಇನ್ನೊಂದು ದಾರಿ, ವಿಸ್ಟಾದಿಂದ ಈಚೆಗೆ ವಿಂಡೋಸ್ ಮುಚ್ಚಿಟ್ಟುಕೊಂಡೇ ಬರುವ ಮೂಲ ‘ಅಡ್ಮಿನಿಸ್ಟ್ರೇಟರ್’ ಖಾತೆಯನ್ನು ಎಬ್ಬಿಸುವುದು. ‘ನೆಟ್ ಯೂಸರ್’ ಆದೇಶದಲ್ಲಿ ಆ ಖಾತೆಯ ಹೆಸರಿನ ಮುಂದೆ ‘ಆ್ಯಕ್ಟಿವ್: ಯೆಸ್’ ಎಂದು ಕೊಟ್ಟರೆ ಅದು ಲಾಗಿನ್ ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಈ ಖಾತೆಗೆ ಯುಎಸಿ ಅನ್ವಯಿಸುವುದಿಲ್ಲವಾದ್ದರಿಂದ ಎಲ್ಲ ಸಾಧನಗಳೂ ತಕರಾರಿಲ್ಲದೆ ತೆರೆದವು. ಯುಎಸಿಯನ್ನು ಇಡೀ ಕಂಪ್ಯೂಟರಿಗೆ ನಿಲ್ಲಿಸುವುದಕ್ಕಿಂತ ಇದು ಉತ್ತಮ, ಏಕೆಂದರೆ ಸಡಿಲಿಕೆ ಒಂದೇ ಖಾತೆಗೆ ಸೀಮಿತವಾಗಿರುತ್ತದೆ. ಆದರೆ ಪಾಸ್‌ವರ್ಡ್ ಇಡದೆ ಎಬ್ಬಿಸಿದರೆ ಲಾಗಿನ್ ಪರದೆಯ ಮುಂದೆ ಕುಳಿತ ಯಾರು ಬೇಕಾದರೂ ಅದರೊಳಗೆ ಹೋಗಬಹುದು. ನಾನು ಒಮ್ಮೆ ಅದನ್ನು ಮತ್ತೆ ಮಲಗಿಸಲು ಮರೆತು ಮನೆಗೆ ಬಂದು, ಮರುದಿನ ಬೆಳಗ್ಗೆ ಕಚೇರಿ ತೆರೆಯುವ ಮುನ್ನವೇ ಬಾಗಿಲಲ್ಲಿ ನಿಂತಿದ್ದೆ. ಇದರ ಬದಲು ಒಂದು ಹೊಸ ಅಡ್ಮಿನ್ ಖಾತೆಯನ್ನು ಸೃಷ್ಟಿಸಿ ಅದರಿಂದ ಪ್ರಯತ್ನಿಸುವುದು ನಿಧಾನವಾದರೂ ಹೆಚ್ಚು ತಿಳಿಸುತ್ತದೆ: ಹೊಸ ಖಾತೆಯಲ್ಲಿ ಎಲ್ಲವೂ ಸರಿಯಾಗಿ ತೆರೆದರೆ ದೋಷ ಹಳೆಯ ಖಾತೆಯ ಪ್ರೊಫೈಲ್‌ನಲ್ಲಿದೆ, ಅಲ್ಲೂ ತೆರೆಯದಿದ್ದರೆ ದೋಷ ಇಡೀ ವ್ಯವಸ್ಥೆಯದು.

ಮೂರನೆಯ ಕಂಪ್ಯೂಟರಿನ ಕಥೆಯೇ ಬೇರೆ. ಟಾಸ್ಕ್ ಮ್ಯಾನೇಜರ್ ನಿಷ್ಕ್ರಿಯವಾಗಿದೆ ಎಂಬ ಸಂದೇಶಕ್ಕೂ ಯುಎಸಿಗೂ ಸಂಬಂಧವಿಲ್ಲ. ಅದು ಬಳಕೆದಾರರ ರಿಜಿಸ್ಟ್ರಿ ಭಾಗದಲ್ಲಿ ಯಾರೋ ಇಟ್ಟ ನೀತಿ. ಕಂಪನಿಯ ಡೊಮೇನ್‌ಗೆ, ಅಂದರೆ ಒಂದೆಡೆಯಿಂದ ನಿರ್ವಹಿಸುವ ಜಾಲಕ್ಕೆ, ಸೇರಿದ ಕಂಪ್ಯೂಟರಾಗಿದ್ದರೆ ಅದು ಅಲ್ಲಿನ ಅಡ್ಮಿನ್ ತೆಗೆದುಕೊಂಡ ನಿರ್ಧಾರ, ಅದನ್ನು ದೋಷವೆಂದು ಸರಿಪಡಿಸಲು ಹೋಗಬಾರದು. ಇಲ್ಲಿ ಅಂಥ ಡೊಮೇನ್ ಇರಲಿಲ್ಲ, ಕಚೇರಿಯವರಾರೂ ನೀತಿ ಹಾಕಿರಲೂ ಇಲ್ಲ. ಕುತಂತ್ರಾಂಶಗಳು ತಮ್ಮನ್ನು ಯಾರೂ ನಿಲ್ಲಿಸದಿರಲೆಂದು ಟಾಸ್ಕ್ ಮ್ಯಾನೇಜರನ್ನೂ ರಿಜಿಸ್ಟ್ರಿ ಎಡಿಟರನ್ನೂ ಹೀಗೆ ಮುಚ್ಚುವುದುಂಟು. ಆದ್ದರಿಂದ ಮೊದಲು ಪೂರ್ಣ ವೈರಸ್ ಪರೀಕ್ಷೆ ಮಾಡಿಸಿದೆ. ನೀತಿಯನ್ನು ತೆಗೆಯಲು ಎರಡು ಸಾಧನಗಳ ನಡುವೆ ಆಯ್ಕೆಯಿತ್ತು. ಗ್ರೂಪ್ ಪಾಲಿಸಿ ಎಡಿಟರ್ ಅಂದವಾಗಿ ಜೋಡಿಸಿದ ಸಾಧನ, ಪ್ರತಿಯೊಂದು ನೀತಿಗೂ ವಿವರಣೆ ಇದೆ, ಆದರೆ ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಅದು ದೊರೆಯುವುದಿಲ್ಲ. ಪ್ರೊ ಆವೃತ್ತಿಯಾದ್ದರಿಂದ ನನಗೆ ದೊರೆಯಿತು. ತೆರೆದು ನೋಡಿದರೆ ಆ ನೀತಿಯ ಮುಂದೆ ‘ನಾಟ್ ಕಾನ್ಫಿಗರ್ಡ್’ ಎಂದಿತ್ತು. ಎಡಿಟರ್ ತನ್ನದೇ ಕಡತದಲ್ಲಿ ಬರೆದುಕೊಂಡದ್ದನ್ನು ಮಾತ್ರ ತೋರಿಸುತ್ತದೆ, ರಿಜಿಸ್ಟ್ರಿಗೆ ಹೊರಗಿನವರು ನೇರವಾಗಿ ಬರೆದದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ರಿಜಿಸ್ಟ್ರಿ ಎಡಿಟರ್‌ಗೆ ಹೋದೆ, ಅಲ್ಲಿ ನನ್ನ ಅತಿ ದೊಡ್ಡ ತಪ್ಪು ನಡೆಯಿತು. ಗುಮಾಸ್ತರ ಸಾಮಾನ್ಯ ಖಾತೆಯಿಂದ ಆ ನೀತಿಯ ಕೀಲಿಯನ್ನು ಬದಲಿಸಲಾಗದು. ಆದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಎಡಿಟರ್ ತೆರೆದೆ, ‘ಕರೆಂಟ್ ಯೂಸರ್’ ಭಾಗಕ್ಕೆ ಹೋದೆ, ಅಲ್ಲಿ ಆ ಮೌಲ್ಯವೇ ಇರಲಿಲ್ಲ. ಇಲ್ಲದ್ದನ್ನು 0 ಎಂದು ಸೃಷ್ಟಿಸಿ ನೋಡಿದೆ, ಫಲವಿಲ್ಲ. ಬೇರೆ ಖಾತೆಯ ಪಾಸ್‌ವರ್ಡ್ ಕೊಟ್ಟು ತೆರೆದ ಪ್ರೋಗ್ರಾಂ ಆ ಬೇರೆ ಖಾತೆಯವರದಾಗಿಯೇ ಓಡುತ್ತದೆ. ‘ಕರೆಂಟ್ ಯೂಸರ್’ ಎಂದರೆ ಆಗ ಪರದೆಯ ಮುಂದೆ ಲಾಗಿನ್ ಆಗಿರುವ ಗುಮಾಸ್ತರಲ್ಲ, ಅಡ್ಮಿನ್ ಖಾತೆ. ಒಂದು ಗಂಟೆಯ ಕಾಲ ನಾನು ಸರಿಯಾದ ಮದ್ದನ್ನು ತಪ್ಪು ರೋಗಿಗೆ ಕುಡಿಸುತ್ತಿದ್ದೆ. ಕೊನೆಗೆ ಗುಮಾಸ್ತರ ಖಾತೆಯಲ್ಲಿ ‘ಹೂಆಮ್‌ಐ’ಗೆ ‘ಯೂಸರ್’ ಆಯ್ಕೆ ಕೊಟ್ಟು ಅವರ ಗುರುತು ಸಂಖ್ಯೆಯನ್ನು ಬರೆದುಕೊಂಡು, ಎಡಿಟರ್‌ನ ‘ಎಚ್‌ಕೀ ಯೂಸರ್ಸ್’ ಭಾಗದಲ್ಲಿ ಅದೇ ಸಂಖ್ಯೆಯ ಶಾಖೆಯನ್ನು ಹುಡುಕಿ, ಅದರಡಿಯ ‘ಪಾಲಿಸೀಸ್’ ಒಳಗಿನ ‘ಸಿಸ್ಟಮ್’ ಕೀಲಿಯಲ್ಲಿದ್ದ ಮೌಲ್ಯವನ್ನು ಅಳಿಸಿದಾಗ ಟಾಸ್ಕ್ ಮ್ಯಾನೇಜರ್ ಮರುಚಾಲನೆಯೂ ಬೇಡದೆ ತೆರೆಯಿತು. ಎಡಿಟರ್‌ಗೂ ಇದೇ ನೀತಿ ತಗುಲಿದ್ದರೆ ಪವರ್‌ಶೆಲ್ ಎಂಬ ಇನ್ನೊಂದು ಆದೇಶ ಸಾಧನದಿಂದ ಅಳಿಸುವ ದಾರಿ ಉಂಟು.

ಕೊನೆಯದಾಗಿ, ಎಲ್ಲರಿಗೂ ಪ್ರಿಯವಾದ ಒಡೆತನ ಕಸಿಯುವ ವಿಧಾನ. ಬಲಗುಂಡಿಯ ಪಟ್ಟಿಗೆ ‘ಟೇಕ್ ಓನರ್‌ಶಿಪ್’ ಎಂಬ ಸಾಲನ್ನು ಸೇರಿಸುವ ರಿಜಿಸ್ಟ್ರಿ ಕಡತವನ್ನು ಹಾಕಿಕೊಳ್ಳದವರು ಕಡಿಮೆ. ಒಳಗೆ ಓಡುವುದು ಒಡೆತನ ಪಡೆಯುವ ‘ಟೇಕ್‌ಓನ್’ ಮತ್ತು ಅನುಮತಿಗಳನ್ನು ಬದಲಿಸುವ ‘ಐಕ್ಯಾಕಲ್ಸ್’ ಎಂಬ ಎರಡು ಆದೇಶಗಳು. ಹಳೆಯ ಕಂಪ್ಯೂಟರಿನಿಂದ ಕಳಚಿ ತಂದ ಡಿಸ್ಕ್‌ನಲ್ಲಿರುವ ಸ್ವಂತ ಕಡತಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ವಿಂಡೋಸ್ ಫೋಲ್ಡರಿನ ಕಡತಗಳ ಒಡೆಯ ಅಡ್ಮಿನ್ ಕೂಡ ಅಲ್ಲ, ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಸೇವೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ‘ಸಿಸ್ಟಮ್ 32’ ಫೋಲ್ಡರಿನ ಮೇಲೆಯೇ ಇದನ್ನು ಪ್ರಯೋಗಿಸಿದೆ. ಕನ್ಸೋಲ್ ಆಗಲೂ ತೆರೆಯಲಿಲ್ಲ, ಮೂಲ ಅನುಮತಿಗಳೂ ಹೋದವು. ‘ಐಕ್ಯಾಕಲ್ಸ್’ನ ‘ರೀಸೆಟ್’ ಆಯ್ಕೆ ಮೇಲಿನ ಫೋಲ್ಡರಿನ ಅನುಮತಿಗಳನ್ನಷ್ಟೇ ಇಳಿಸುತ್ತದೆ, ಪ್ರತಿ ಕಡತಕ್ಕೂ ಪ್ರತ್ಯೇಕವಾಗಿದ್ದ ಹಳೆಯ ಪಟ್ಟಿಯನ್ನು ಮರಳಿ ತರುವುದಿಲ್ಲ. ಮುಂಚೆಯೇ ‘ಸೇವ್’ ಆಯ್ಕೆಯಿಂದ ಪಟ್ಟಿಯ ಪ್ರತಿ ಇಟ್ಟುಕೊಂಡಿದ್ದರೆ ‘ರಿಸ್ಟೋರ್’ ಮಾಡಬಹುದಿತ್ತು. ಇಟ್ಟುಕೊಂಡಿರಲಿಲ್ಲ. ಅದೇ ಆವೃತ್ತಿಯ ವಿಂಡೋಸನ್ನು ಕಡತಗಳನ್ನು ಉಳಿಸಿಕೊಂಡು ಹಳೆಯದರ ಮೇಲೆಯೇ ಮತ್ತೆ ಸ್ಥಾಪಿಸಿದಾಗಲೇ ಆ ಲ್ಯಾಪ್‌ಟಾಪ್ ಸರಿಹೋದದ್ದು.

ಕಡತಗಳೇ ಕೆಟ್ಟಿವೆ ಎಂಬ ಅನುಮಾನವಿದ್ದರೆ ಒಡೆತನಕ್ಕೆ ಕೈಹಾಕುವ ಮುನ್ನ ‘ಡಿಸ್ಮ್’ ಆದೇಶದ ‘ರಿಸ್ಟೋರ್ ಹೆಲ್ತ್’, ಅದರ ನಂತರ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಓಡಿಸುವುದು ಸರಿಯಾದ ಕ್ರಮ. ಮೊದಲನೆಯದು ದುರಸ್ತಿಗೆ ಬೇಕಾದ ಮೂಲಪ್ರತಿಯನ್ನು ಸರಿಪಡಿಸುತ್ತದೆ, ಎರಡನೆಯದು ಆ ಪ್ರತಿಯಿಂದ ಕಡತಗಳನ್ನು ಬದಲಿಸುತ್ತದೆ. ಹಾನಿಯಿಲ್ಲದ ವಿಧಾನ ಇದು, ಆದರೆ ಮೇಲೆ ಹೇಳಿದ ಮೂರು ಕಂಪ್ಯೂಟರುಗಳಲ್ಲಿ ಒಂದಕ್ಕೂ ಇದರಿಂದ ಉಪಯೋಗವಾಗಲಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಬಂದಿರುವ, ಸಾಮಾನ್ಯ ಪ್ರಾಂಪ್ಟ್‌ನಿಂದಲೇ ಒಂದು ಆದೇಶವನ್ನು ಪೂರ್ಣ ಅಧಿಕಾರದಲ್ಲಿ ಓಡಿಸುವ ‘ಸುಡೊ’ ಆದೇಶವನ್ನೂ ನನ್ನ ಮನೆಯ ಕಂಪ್ಯೂಟರಿನಲ್ಲಿ ಬಳಸುತ್ತಿದ್ದೇನೆ. ಹೊಸ ಅಧಿಕಾರವನ್ನೇನೂ ಅದು ಕೊಡುವುದಿಲ್ಲ, ಯುಎಸಿಯ ಒಪ್ಪಿಗೆಯನ್ನು ಕೇಳಿಯೇ ಮುಂದುವರಿಯುತ್ತದೆ. ಬೇರೊಂದು ಪ್ರಾಂಪ್ಟ್ ತೆರೆಯುವ ಶ್ರಮ ಉಳಿಯುತ್ತದೆ ಅಷ್ಟೇ.

ಈಗ ಆ ಕಚೇರಿಯಲ್ಲಿ ಎಲ್ಲರದೂ ಸಾಮಾನ್ಯ ಖಾತೆಗಳು, ಪ್ರತಿ ಕಂಪ್ಯೂಟರಿಗೂ ದಿನಬಳಕೆಗೆ ಬಾರದ ಪ್ರತ್ಯೇಕ ಅಡ್ಮಿನ್ ಖಾತೆ ಒಂದು, ಮೂಲ ಅಡ್ಮಿನಿಸ್ಟ್ರೇಟರ್ ಖಾತೆ ನಿದ್ರೆಯಲ್ಲಿದೆ, ‘ಎನೇಬಲ್ ಎಲ್‌ಯುಎ’ ಎಲ್ಲೆಡೆ 1. ಪ್ರಿಂಟರ್ ನಿಂತಾಗ ನಾನು ಬರುವವರೆಗೆ ಕಾಯುವುದು ಬೇಡವೆಂದು ಗುಮಾಸ್ತರು ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ: ಸರದಿಯಲ್ಲಿರುವ ತಮ್ಮ ಕಡತವನ್ನು ರದ್ದುಮಾಡಿ ಕಂಪ್ಯೂಟರನ್ನು ಮರುಚಾಲನೆ ಮಾಡುತ್ತಾರೆ. ಸ್ಪೂಲರ್ ತಾನಾಗಿಯೇ ಹೊಸದಾಗಿ ಆರಂಭವಾಗುತ್ತದೆ, ಅದಕ್ಕೆ ಯಾರ ಪಾಸ್‌ವರ್ಡೂ ಬೇಕಿಲ್ಲ.