ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್: ಹುಡುಗನಿಗೆ ಫುಲ್ ಮಾರ್ಕ್ಸ್, ರಿಪೋರ್ಟಿಗೆ ಇಲ್ಲ

ಅಪ್ಪನಿಗೆ ಹಳೇ ಶುಗರ್. ಚಪ್ಪಲಿ ಉಜ್ಜಿ ಹೆಬ್ಬೆರಳ ಕೆಳಗೆ ಗುಳ್ಳೆಯಾಗಿ ಕೀವು ತುಂಬಿದರೂ ಅವರಿಗೆ ನೋವೇ ಗೊತ್ತಾಗಲಿಲ್ಲ, ಕಾಲುಚೀಲ ಒದ್ದೆಯಾದಾಗಲೇ ನಾವು ನೋಡಿದ್ದು. ಆಸ್ಪತ್ರೆಯಿಂದ ಬಂದ ಮೇಲೆ ಆರು ವಾರ ರಕ್ತ ಪರೀಕ್ಷೆಗೆ ಮೈಸೂರಿನ ಈ ಲ್ಯಾಬಿನವರನ್ನು ಮನೆಗೇ ಕರೆಸಿದೆವು.

ರಕ್ತ ತೆಗೆಯುವ ಹುಡುಗ ಬಂಗಾರ. ಬೆಳಗ್ಗೆ ಆರೂವರೆಗೆ ಬಾಗಿಲಲ್ಲಿ ಹಾಜರ್. 'ಮುಷ್ಟಿ ಬಿಗಿ ಮಾಡಿ ಅಂಕಲ್' ಅಂದು ಒಂದೇ ಚುಚ್ಚಿಗೆ ಮುಗಿಸುತ್ತಾನೆ.

ತೊಂದರೆ ರಿಪೋರ್ಟಿನಲ್ಲಿ. ಸಿಆರ್‌ಪಿ ಅಂದರೆ ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ರಕ್ತದಲ್ಲಿ ಹೆಚ್ಚಾಗುವ ಪ್ರೋಟೀನು. ಬೇಗ ಏರಿ ಬೇಗ ಇಳಿಯುತ್ತದೆ, ಅದಕ್ಕೇ ಡಾಕ್ಟರು ಸೋಂಕು ಇಳಿಯುತ್ತಿದೆಯಾ ಅಂತ ಅದನ್ನೇ ನೋಡುವುದು. ನಮ್ಮದು 148 ಇತ್ತು. ಮುಂದಿನ ವಾರ 3.1 ಅಂತ ಬಂತು! ಅಮ್ಮ ಪಾಯಸಕ್ಕೆ ಹಾಲಿಟ್ಟರು (ಶುಗರ್ ಇರುವ ಮನೆಯಲ್ಲಿ ಪಾಯಸ ಬೇರೆ). ಆಮೇಲೆ ನೋಡಿದರೆ ಮೊದಲನೆಯದು ಲೀಟರಿಗೆ ಮಿಲಿಗ್ರಾಂ, ಇದು ಡೆಸಿಲೀಟರಿಗೆ. ಅಂದರೆ ಲೀಟರಿನ ಲೆಕ್ಕದಲ್ಲಿ 31, ಇನ್ನೂ ಜಾಸ್ತಿನೇ. ಯೂನಿಟ್ ಹೀಗೆ ಸುಮ್ನೆ ಬದಲಾಯಿಸಬಹುದಾ?

ಉರಿಯೂತ ತೋರಿಸುವ ಇನ್ನೊಂದು ಪರೀಕ್ಷೆ ಇಎಸ್‌ಆರ್ 92ರಲ್ಲೇ ಕೂತಿತ್ತು. ಅದು ಇಳಿಯುವುದೇ ನಿಧಾನ, ಆದರೆ ಕಾಲಿನ ಹುಣ್ಣಿದ್ದು ಇಎಸ್‌ಆರ್ 70 ದಾಟಿದರೆ ಮೂಳೆಗೂ ಸೋಂಕು ತಗುಲಿರಬಹುದು ಅಂತ ಡಾಕ್ಟರು ಎಂಆರ್‌ಐ ಮಾಡಿಸಿದರು. ಸದ್ಯ, ಮೂಳೆಗೆ ಏನೂ ಆಗಿರಲಿಲ್ಲ.

ಇನ್ನೊಂದು, ಎಚ್‌ಬಿಎ1ಸಿ ಹೇಳುವುದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್. ಅದನ್ನು ಪ್ಯಾಕೇಜ್ ಹೆಸರಲ್ಲಿ 20 ದಿನಕ್ಕೆ ಮತ್ತೆ ಮಾಡಿ ದುಡ್ಡು ತಗೊಂಡರು. ಆ ದಿನಗಳಲ್ಲಿ ನಮಗೆ ಬೇಕಿದ್ದದ್ದು ದಿನಾ ಗ್ಲೂಕೋಮೀಟರಿನಲ್ಲಿ ನೋಡುವ ಶುಗರ್, ಅಲ್ವಾ?

ಐದಕ್ಕೆ ಮೂರು ಸ್ಟಾರ್. ಮೂರೂ ಆ ಹುಡುಗನಿಗೆ.