ಕಾಲೇಜಿನ ಯಕ್ಷಗಾನ ತಂಡಕ್ಕೆ ತೆಂಕೋ, ಬಡಗೋ?

ಕರಾವಳಿಯ ಹಳ್ಳಿಯೊಂದರ ಸರ್ಕಾರಿ ಪದವಿ ಕಾಲೇಜು. ಯಕ್ಷಗಾನ ತಂಡ ಕಟ್ಟಬೇಕು, ಹುಡುಗರು ಸಿದ್ಧ, ದುಡ್ಡು ಕಡಿಮೆ. ಯಾವ ತಿಟ್ಟು, ಅಂದರೆ ಯಾವ ಶೈಲಿ: ದಕ್ಷಿಣದ ತೆಂಕೋ, ಉತ್ತರದ ಬಡಗೋ?

ಊರು ಕುಂಬಳೆ, ಪುತ್ತೂರು, ಬಂಟ್ವಾಳದ ಕಡೆಗಿದ್ದರೆ ತೆಂಕು. ಕುಂದಾಪುರ, ಬ್ರಹ್ಮಾವರದ ಸುತ್ತಲಾದರೆ ಬಡಗು. ಚಿಕ್ಕಂದಿನಿಂದ ಬಯಲಾಟ ನೋಡಿದ ಮಕ್ಕಳ ಕಾಲಿಗೆ ಆ ತಾಳ ಮೊದಲೇ ಗೊತ್ತಿರುತ್ತದೆ. ಗುರುಗಳೂ ಹತ್ತಿರದಲ್ಲೇ ಸಿಗುತ್ತಾರೆ.

ಕಷ್ಟ ಇರುವುದು ಎರಡೂ ತಿಟ್ಟು ಸೇರುವ ಗಡಿಯ ಊರುಗಳಲ್ಲಿ. ತೆಂಕಿನಲ್ಲಿ ಹಾಡುವ ಭಾಗವತರ ಕೈಯಲ್ಲಿ ಜಾಗಟೆ, ಬಡಗಿನಲ್ಲಿ ಕೈತಾಳ. ತೆಂಕಿನ ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ, ನೋಡಿದ ಹುಡುಗರು ಬೇರೇನನ್ನೂ ಕೇಳುವುದಿಲ್ಲ. ಆದರೆ ಅದಕ್ಕೆ ಮೈ ಪಳಗಬೇಕು, ಒಂದು ಸೆಮಿಸ್ಟರಿನಲ್ಲಿ ಆಗುವ ಮಾತಲ್ಲ. ಬಡಗಿನ ಮಂಡಿಕುಣಿತವೂ ಸುಲಭವಲ್ಲ ಬಿಡಿ, ಮಂಡಿ ನೋವು ಕಂಡವರಿಗೇ ಗೊತ್ತು.

ವೇಷದ ಲೆಕ್ಕ ಬೇರೆ. ತೆಂಕಿನ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಉಬ್ಬುಚುಕ್ಕೆಗಳ ಚುಟ್ಟಿ ಇಡುತ್ತಾ ಕೂತರೆ ಗಂಟೆಗಳೇ ಹೋಗುತ್ತವೆ. ತಲೆಗೆ ಬಡಗಿನ ಮುಂಡಾಸು, ಕೇದಗೆ ಮುಂದಲೆ ಕಟ್ಟುವುದೂ ಒಂದು ವಿದ್ಯೆಯೇ. ಸಡಿಲ ಬಿದ್ದರೆ ರಂಗದ ಮೇಲೆ ಮಾನ ಹೋದಂತೆ. ಎರಡಕ್ಕೂ ವೇಷಭೂಷಣ ಬಾಡಿಗೆಗೆ ತರುವುದೇ ಜಾಣತನ.

ನನ್ನನ್ನು ಕೇಳಿದರೆ, ಮೊದಲ ವರ್ಷ ಅಭಿಮನ್ಯುವಿನಂಥ ಪುಂಡುವೇಷದ, ಅಂದರೆ ಎಳೆಯ ವೀರನ ಪಾತ್ರದ, ಪ್ರಸಂಗ ಹಿಡಿಯಿರಿ, ಬಣ್ಣದ ವೇಷ ಆಮೇಲೆ. ವಾರಕ್ಕೆರಡು ಸಂಜೆ ತಪ್ಪದೆ ಬರುವ ಗುರು ಯಾವ ತಿಟ್ಟಿನವರೋ ಆ ತಿಟ್ಟೇ ಇರಲಿ.